ಪೀಣ್ಯದಿಂದ ಹ್ಯಾನೋವರ್‌ಗೆ, ಮಲಗಿಕೊಂಡು

ಕ್ರೆಡಿಟ್ ಕಾರ್ಡ್ ಪಾಯಿಂಟ್‌ನಲ್ಲಿ ಬಿಸಿನೆಸ್ ಕ್ಲಾಸ್ ಹತ್ತಿ ಜರ್ಮನಿಗೆ ಹೋಗಿಬಂದೆ ಅಂದರೆ ಪೀಣ್ಯದಲ್ಲಿ ಈಗಲೂ ಕೆಲವರು ನಗುತ್ತಾರೆ. ನಗಲಿ. 2023ರ ಎಮೋ ಅನ್ನೋ ಮೆಷಿನ್ ಟೂಲ್ ಮೇಳಕ್ಕೆ ಹೋದದ್ದು ಹಾಗೇ, 2025ಕ್ಕೂ ಹಾಗೇ. ಬೋರ್ಡಿಂಗ್ ಪಾಸನ್ನು ಆಫೀಸ್ ಟೇಬಲ್ಲಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಬಂದವರು ನೋಡಲಿ ಅಂತಲೇ ಇಟ್ಟಿದ್ದು.

ನಂದು ಸಿಎನ್‌ಸಿ ಜಾಬ್‌ವರ್ಕ್, ಅಂದರೆ ಕಂಪ್ಯೂಟರ್ ನಡೆಸೋ ಮೆಷಿನ್‌ನಲ್ಲಿ ಬೇರೆಯವರಿಗೆ ಬಿಡಿಭಾಗ ಮಾಡಿಕೊಡೋ ಕೆಲಸ. ಇಂಥದ್ದೇ ಇಮ್‌ಟೆಕ್ಸ್ ಮೇಳ ನಮ್ಮ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲೇ ಆಗುತ್ತೆ, ಅದನ್ನು ಬಿಡಲ್ಲ. ಆದರೆ ಹೊಸ ಟೂಲಿಂಗ್, ಹೊಸ ಹೋಲ್ಡರ್ ಎಲ್ಲಾ ಮೊದಲು ಕಾಣೋದು ಎಮೋದಲ್ಲಿ. ಎರಡು ವರ್ಷಕ್ಕೊಮ್ಮೆ ನಡೆಯುತ್ತೆ. ಸತತ ಎರಡು ಸಲ ಹ್ಯಾನೋವರ್, ಆಮೇಲೆ ಒಂದು ಸಲ ಮಿಲಾನ್. ಹೋಗೋ ನಮ್ಮವರೆಲ್ಲ ಎಕಾನಮಿಯಲ್ಲಿ ಮಂಡಿ ಮಡಿಚಿಕೊಂಡು ಹೋಗಿ, ಮೊದಲ ದಿನ ಹೋಟೆಲ್‌ನಲ್ಲಿ ಬಿದ್ದುಕೊಂಡು, ಎರಡನೇ ದಿನ ಕಣ್ಣು ಬಿಡುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದವನು. ಮೇಳದ ವಾರ ಹ್ಯಾನೋವರ್‌ನಲ್ಲಿ ರೂಮ್ ಬಾಡಿಗೆ ಮುಟ್ಟೋ ಹಾಗಿರಲ್ಲ. ಗೋಟಿಂಗೆನ್‌ನಲ್ಲೋ ಬ್ರೌನ್‌ಶ್ವೈಗ್‌ನಲ್ಲೋ ಉಳಿದರೂ ಒಂದು ರಾತ್ರಿಗೆ 150-200 ಯೂರೋ ಕೇಳುತ್ತಾರೆ. ಸುಮ್ನೆ ಮಲಗೋಕೆ ಅಷ್ಟು ದುಡ್ಡು, ಜೊತೆಗೆ ಒಂದು ದಿನ ಲಾಸ್.

ಹಾಗಾಗಿ ನನಗೆ ಬೇಕಾಗಿದ್ದದ್ದು ಹಾಸಿಗೆ ಮಾತ್ರ, ಅದೂ ಹೋಗುವ ರಾತ್ರಿಗೆ ಮಾತ್ರ. ಬೆಂಗಳೂರಿನಿಂದ ಲುಫ್ತಾನ್ಸಾದ ಫ್ರಾಂಕ್‌ಫರ್ಟ್ ವಿಮಾನ ಬೆಳಗಿನ ಜಾವ ಮೂರರ ಸುಮಾರಿಗೆ ಹೊರಡುತ್ತೆ. ಒಂಬತ್ತೂವರೆ, ಹತ್ತು ಗಂಟೆ ಹಾರಿ ಅಲ್ಲಿನ ಬೆಳಗ್ಗೆ ಇಳಿಸುತ್ತೆ. ವಾಪಸ್ ಬರೋದು ಅಲ್ಲಿಂದ ಮಧ್ಯಾಹ್ನ ಬಿಟ್ಟು, ಇಲ್ಲಿ ನಡುರಾತ್ರಿ ದಾಟಿದ ಮೇಲೆ. ಅಲ್ಲಿನ ಗಡಿಯಾರಕ್ಕೆ ಒಗ್ಗಿದ ನಮಗೆ ಅಷ್ಟು ಹೊತ್ತೂ ಹೆಚ್ಚುಕಮ್ಮಿ ಹಗಲೇ. ಹಗಲಿಗೆ ಹಾಸಿಗೆ ಯಾಕೆ? ಎಕಾನಮಿಯಲ್ಲಿ ಕೂತು ಕೊಟೇಶನ್ ನೋಡುತ್ತಾ ಬಂದರೆ ಆಯ್ತು. ಎಲ್ಲರೂ ರಿಟರ್ನ್ ಬಿಸಿನೆಸ್ ರೇಟ್ ನೋಡಿ ಎರಡೂವರೆ ಲಕ್ಷ, ಮೂರು ಲಕ್ಷ ಅಂತ ಹೆದರಿ ಕಿಟಕಿ ಮುಚ್ಚುತ್ತಾರೆ. ಅರ್ಧ ಮಾತ್ರ ಬೇಕು ಅಂತ ಹೊಳೆದ ಮೇಲೆ ನನ್ನ ಲೆಕ್ಕ ಸಲೀಸಾಯಿತು.

ಅದಕ್ಕೂ ಮುಂಚೆ ಏನೇನು ಕೈಕೊಟ್ಟಿತು ಅಂತ ಹೇಳಬೇಕು.

ಮೊದಲನೆಯದು ಬಿಡ್. ಎಕಾನಮಿ ಟಿಕೆಟ್ ತಗೊಂಡವರಿಗೆ ಅಪ್‌ಗ್ರೇಡ್‌ಗೆ ಬಿಡ್ ಮಾಡಿ ಅಂತ ಮೇಲ್ ಬರುತ್ತಲ್ಲ, ಅದೇ. ಮೊತ್ತ ಏರಿಸಿದ ಹಾಗೆ ಪರದೆ ಮೇಲಿನ ಮೀಟರಿನ ಮುಳ್ಳು ಕೆಂಪಿನಿಂದ ಹಸಿರಿಗೆ ಹೋಗುತ್ತೆ, ನೋಡಲಿಕ್ಕೆ ಚೆಂದ. ಕನಿಷ್ಠ ಮೊತ್ತ ಮೂವತ್ತೈದು ಸಾವಿರದ ಹತ್ತಿರ ಇತ್ತು. ಅದಕ್ಕೆ ಒಂದೆರಡು ಸಾವಿರ ಸೇರಿಸಿ ಹಾಕಿದೆ, ಹೊರಡೋ ಎರಡು ದಿನ ಮುಂಚೆ ‘ಕ್ಷಮಿಸಿ’ ಬಂತು. ಮುಂದಿನ ಸಲ ಐವತ್ತರ ಮೇಲೆ ಹಾಕಿದೆ, ಹೋಗೋದಕ್ಕೂ ಬರೋದಕ್ಕೂ. ಹೋಗೋದು ಸಿಗಲಿಲ್ಲ, ಬರೋದು ಸಿಕ್ಕಿತು. ಮಟಮಟ ಮಧ್ಯಾಹ್ನ ಹಾಸಿಗೆ ಬಿಡಿಸಿಕೊಂಡು ನಿದ್ದೆ ಬಾರದೆ ಸಿನಿಮಾ ನೋಡಿದೆ. ಐವತ್ತು ಸಾವಿರದ ಸಿನಿಮಾ. ಕೌಂಟರ್‌ನಲ್ಲಿ ಕೇಳಿದರೆ ಸಿಗುತ್ತೆ ಅನ್ನೋ ಮಾತೂ ಇದೆ. ಕೇಳಿದೆ. ಹೇಳಿದ ರೇಟಿಗೆ ನಮ್ಮಲ್ಲಿ ಒಂದು ಹಳೇ ಬೆಂಚ್ ಡ್ರಿಲ್ ಬರುತ್ತೆ.

ಆಮೇಲೆ ಗಲ್ಫ್ ದಾರಿ. ಬಿಸಿನೆಸ್ ಟಿಕೆಟ್ ನಲವತ್ತು ಸಾವಿರ ಕಡಿಮೆಗೆ ಸಿಗುತ್ತೆ, ಸೇವೆಯೂ ಜೋರು. 2022ರ ಅಕ್ಟೋಬರ್ ಕೊನೆಯಿಂದ ಎಮಿರೇಟ್ಸ್‌ನ ಎರಡು ಮಹಡಿಯ ವಿಮಾನ ಎ380 ಕೂಡ ಬೆಂಗಳೂರಿಗೆ ಬರುತ್ತಿದೆ, ಮಹಡಿ ಮೇಲೆ ಬಾರ್ ಇದೆ. ಎಲ್ಲಾ ಸರಿ. ಆದರೆ ನಾಲ್ಕು ಗಂಟೆ ಹಾರಾಟದಲ್ಲಿ ಏರೋದು, ಊಟ, ಇಳಿಯೋದು ಕಳೆದರೆ ನಿದ್ದೆಗೆ ಉಳಿಯೋದು ಒಂದೂವರೆ ಗಂಟೆ. ನಡುರಾತ್ರಿ ದುಬೈಯಲ್ಲಿ ಎದ್ದು, ಚೀಲ ಸ್ಕ್ಯಾನ್ ಮಾಡಿಸಿ, ಮತ್ತೆ ಮಲಗಬೇಕು. ರಾತ್ರಿಯನ್ನು ಎರಡು ತುಂಡು ಮಾಡಿದರೆ ಹಾಸಿಗೆ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನ ಇಲ್ಲ. ನೇರ ವಿಮಾನವೇ ಬೇಕು.

ಈಗ ಪಾಯಿಂಟ್ ವಿಷಯ. ಬೇಸಿಕ್ ಇಷ್ಟೇ: ಕಾರ್ಡ್‌ನಲ್ಲಿ ಖರ್ಚು ಮಾಡಿದರೆ ಪಾಯಿಂಟ್, ಅದನ್ನು ವಿಮಾನ ಕಂಪನಿಯ ಖಾತೆಗೆ ಕಳಿಸಿದರೆ ಮೈಲ್, ಮೈಲ್ ಕೊಟ್ಟರೆ ಸೀಟು. ನಾನು ಹಿಡಿದದ್ದು ಏರ್ ಕೆನಡಾದ ಮೈಲ್ ಪ್ರೋಗ್ರಾಂ ಏರೋಪ್ಲಾನ್. ಕೆನಡಾಗೂ ನನಗೂ ಸಂಬಂಧ ಇಲ್ಲ. ಆದರೆ ಲುಫ್ತಾನ್ಸಾ, ಏರ್ ಕೆನಡಾ ಎರಡೂ ಸ್ಟಾರ್ ಅಲಯನ್ಸ್ ಅನ್ನೋ ಒಂದೇ ಕೂಟದವು, ಒಬ್ಬರ ಮೈಲ್‌ನಲ್ಲಿ ಇನ್ನೊಬ್ಬರ ಸೀಟು ತಗೋಬಹುದು. ಏರೋಪ್ಲಾನ್‌ನವರು ಟಿಕೆಟ್ ಮೇಲೆ ಫ್ಯೂಯಲ್ ಸರ್‌ಚಾರ್ಜ್ ಹಾಕಲ್ಲ, ಬೇರೆ ಕಂಪನಿಯ ವಿಮಾನದ ಸೀಟು ಬುಕ್ ಮಾಡಿದರೆ 39 ಕೆನಡಿಯನ್ ಡಾಲರ್ ಫೀಸು ತಗೋತಾರೆ. ಇದೇ ಸೀಟನ್ನು ಬೇರೆ ಪ್ರೋಗ್ರಾಂನಲ್ಲಿ ತೆಗೆದರೆ ಮೈಲ್ ಜೊತೆ ಕೈಯಿಂದ ಒಂದಿಷ್ಟು ಗಟ್ಟಿ ದುಡ್ಡು ಕೊಡಬೇಕಾಗುತ್ತಿತ್ತು. ನನಗೆ ನೆನಪಿರೋ ಹಾಗೆ 60 ಸಾವಿರದ ಆಸುಪಾಸು ಮೈಲ್, ತೆರಿಗೆ ಫೀಸು ಸೇರಿ ಏಳೆಂಟು ಸಾವಿರ ರೂಪಾಯಿ. ಅಷ್ಟೇ.

60 ಸಾವಿರ ಎಲ್ಲಿಂದ? ಆಗ ನನ್ನ ಕಾರ್ಡ್‌ನಲ್ಲಿ 200 ರೂಪಾಯಿಗೆ 12 ಪಾಯಿಂಟ್, 5 ಪಾಯಿಂಟ್ ಕೊಟ್ಟರೆ 4 ಮೈಲ್. ಅಂದರೆ 75 ಸಾವಿರ ಪಾಯಿಂಟ್, ಹನ್ನೆರಡೂವರೆ ಲಕ್ಷದ ಖರ್ಚು. ಸಂಬಳದವರಿಗೆ ಜಾಸ್ತಿ ಅನಿಸಬಹುದು. ಶೆಡ್ ನಡೆಸೋನಿಗೆ ಇನ್ಸರ್ಟ್, ಕೂಲೆಂಟ್, ಮೆಷಿನ್ ಇನ್ಶೂರೆನ್ಸ್, ಸಾಫ್ಟ್‌ವೇರ್ ಲೈಸೆನ್ಸ್ ಅಂತ ವರ್ಷದಲ್ಲಿ ಸಲೀಸಾಗಿ ದಾಟುತ್ತೆ. ಜಿಎಸ್‌ಟಿ ಕಟ್ಟಿದ್ದಕ್ಕೆ ಪಾಯಿಂಟ್ ಇಲ್ಲ. ಕರೆಂಟ್ ಬಿಲ್ ಸ್ವಲ್ಪ ದಿನ ನಡೆಯಿತು, ಆಮೇಲೆ ನಿಂತಿತು. ಪರ್ಸನಲ್ ಕಾರ್ಡ್‌ನಲ್ಲಿ ಅತಿಯಾಗಿ ಬಿಸಿನೆಸ್ ಖರ್ಚು ಹಾಕಿದರೆ ಬ್ಯಾಂಕಿನಿಂದ ಫೋನ್ ಬರುತ್ತೆ, ಅದನ್ನೂ ನೆನಪಲ್ಲಿ ಇಟ್ಟುಕೊಳ್ಳಿ.

ಸ್ಟೀಲ್ ಅಂಗಡಿಯವರು ಕಾರ್ಡ್ ಅಂದರೆ ಎರಡು ಪರ್ಸೆಂಟ್ ಮೇಲೆ ಕೇಳುತ್ತಾರೆ. ಇಲ್ಲೇ ನನ್ನ ಭಾವಮೈದುನ ಹಿಡಿದುಕೊಂಡದ್ದು. ಅವನು ಆಡಿಟರ್. “ಭಾವ, ಎರಡು ಪರ್ಸೆಂಟ್ ಕೊಟ್ಟು ಪಾಯಿಂಟ್ ತಗೊಳ್ಳೋದು ಅಂದ್ರೆ ಟಿಕೆಟ್ಟನ್ನ ಕಂತಲ್ಲಿ ಕೊಂಡ ಹಾಗೆ. ಬಿಟ್ಟಿ ಅಂತ ಹೇಳಬೇಡಿ” ಅಂದ. ಬಿಟ್ಟಿ ಅಂತ ನಾನೆಲ್ಲಿ ಹೇಳಿದೆ? ಹನ್ನೆರಡೂವರೆ ಲಕ್ಷಕ್ಕೂ ಎರಡು ಪರ್ಸೆಂಟ್ ಕೊಟ್ಟೆ ಅಂತಲೇ ಇಟ್ಟುಕೊಳ್ಳಿ, 25 ಸಾವಿರ. ಕಾರ್ಡಿನ ವರ್ಷದ ಫೀಸು ಹತ್ತು ಸಾವಿರ ಚಿಲ್ಲರೆ. ಟಿಕೆಟ್ ಮೇಲಿನ ತೆರಿಗೆ ಎಂಟು. ಒಟ್ಟು 45 ಸಾವಿರದ ಒಳಗೆ. ಅದೇ ಸೀಟಿಗೆ ಒನ್‌ವೇ ಕ್ಯಾಶ್ ಆಗ ಒಂದೂವರೆ ಲಕ್ಷದ ಮೇಲಿತ್ತು. ಕ್ಯಾಶ್ ಟಿಕೆಟ್‌ಗೆ ಜಿಎಸ್‌ಟಿ ಇನ್‌ಪುಟ್ ಬರುತ್ತೆ, ಅಂದರೆ ಟಿಕೆಟ್ ಮೇಲೆ ಕೊಟ್ಟ ತೆರಿಗೆಯನ್ನು ನಾವು ಕಟ್ಟೋ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು ಅಂತ ಅವನ ಇನ್ನೊಂದು ವಾದ. ಇನ್‌ಪುಟ್ ತಗೊಳ್ಳೋಕೆ ಮೊದಲು ಒಂದೂವರೆ ಲಕ್ಷ ಹಾಕಬೇಕಲ್ಲಪ್ಪಾ! ಎಕಾನಮಿ ಬಿಟ್ಟು ಮೇಲಿನ ಕ್ಲಾಸ್‌ಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 18 ಪರ್ಸೆಂಟ್‌ಗೆ ಏರಿದೆ, ಅದನ್ನು ಅವನೇ ಹೇಳಿದ್ದು.

ಒಂದು ಮಾತು ಮಾತ್ರ ಗಟ್ಟಿ. ಬಿಲ್ ಪೂರ್ತಿ ಕಟ್ಟಲಾಗದವರು ಈ ಆಟಕ್ಕೆ ಬರಬೇಡಿ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಬಿತ್ತು ಅಂದರೆ ಪಾಯಿಂಟ್ ಎಲ್ಲಾ ಗುಡಿಸಿಕೊಂಡು ಹೋಗುತ್ತೆ.

2023ರ ಆಗಸ್ಟ್‌ನಲ್ಲಿ ತಲೆಬಿಸಿ ಶುರುವಾಯಿತು. ಸೆಪ್ಟೆಂಬರ್‌ನಿಂದ 5ಕ್ಕೆ 4 ಇದ್ದದ್ದು 5ಕ್ಕೆ 2 ಆಗುತ್ತೆ ಅಂತ ಬ್ಯಾಂಕ್ ಹೇಳಿತು. ಅದೇ 60 ಸಾವಿರ ಮೈಲ್‌ಗೆ ಒಂದೂವರೆ ಲಕ್ಷ ಪಾಯಿಂಟ್, 25 ಲಕ್ಷದ ಖರ್ಚು. ಆಗ ಭಾವಮೈದುನನ ವಾದವೇ ಸರಿಯಾಗಿಬಿಡುತ್ತೆ. ನಿಯಮ ಏನು ಅಂದರೆ ಮೈಲ್‌ಗೆ ಬಿಡೋ ಸೀಟು ವೆಬ್‌ಸೈಟಿನಲ್ಲಿ ಕಣ್ಣಿಗೆ ಕಾಣೋ ತನಕ ಪಾಯಿಂಟ್ ಕಳಿಸಬಾರದು, ಯಾಕಂದರೆ ಒಂದು ಸಲ ಹೋದರೆ ವಾಪಸ್ ಬರಲ್ಲ. ಎಮೋ ಸೆಪ್ಟೆಂಬರ್ 18ಕ್ಕೆ, ಸೀಟು ಕಾಣುತ್ತಿಲ್ಲ, ಆಗಸ್ಟ್ ಮುಗಿಯುತ್ತಿದೆ. ಕಣ್ಣು ಮುಚ್ಚಿ ಕಳಿಸಿಬಿಟ್ಟೆ. ಎರಡು ದಿನಕ್ಕೆ ಏರೋಪ್ಲಾನ್ ಖಾತೆಗೆ ಬಂತು. ಕೈಯಲ್ಲಿ ಒಂದು ಎಕಾನಮಿ ಟಿಕೆಟ್, ಕ್ಯಾನ್ಸಲ್ ಮಾಡಬಹುದಾದದ್ದು, ಮೊದಲೇ ಇತ್ತು. ಸ್ವಲ್ಪ ದುಬಾರಿ, ಆದರೆ ಅದಿಲ್ಲದೆ ಈ ಆಟ ಆಡಬಾರದು.

ಸೀಟು ಬಿದ್ದದ್ದು ಹೊರಡೋ ಹತ್ತು ದಿನದ ಆಸುಪಾಸಿನಲ್ಲಿ. ವಾರದ ಯಾವ ದಿನ ಬೀಳುತ್ತೆ, ನಮ್ಮ ಗಡಿಯಾರದಲ್ಲಿ ಎಷ್ಟು ಹೊತ್ತಿಗೆ ನೋಡಬೇಕು ಅನ್ನೋದು ನನಗೆ ಹೆಚ್ಚುಕಮ್ಮಿ ಗೊತ್ತಾಗಿದೆ. ಇಲ್ಲಿ ಹೇಳಲ್ಲ. 2025ಕ್ಕೆ ಯಾವ ಕಾರ್ಡ್‌ನಿಂದ ಮಾಡಿದೆ ಅಂತಲೂ ಕೇಳಬೇಡಿ. ಎಲ್ಲರೂ ನುಗ್ಗಿದರೆ ಅದನ್ನೂ ಮುಚ್ಚುತ್ತಾರೆ.

ಸಿಕ್ಕಿದ್ದು ಜಂಬೋ 747-8. ಮಹಡಿ ಮೇಲೆ ತಗೊಳ್ಳಿ. ಅಲ್ಲಿ ಸಾಲಿಗೆ ಎರಡು ಮತ್ತು ಎರಡು ಸೀಟು, ಕಿಟಕಿಯ ಪಕ್ಕ ಮುಚ್ಚಳ ಇರೋ ಉದ್ದನೆಯ ಪೆಟ್ಟಿಗೆ. ಶೂ, ಚೀಲ, ನೀರು ಎಲ್ಲಾ ಅದರಲ್ಲಿ ಹೋಗುತ್ತೆ. ಸೀಟು ಹಳೇ ಡಿಸೈನ್, ಮಲಗಿದರೆ ನಮ್ಮ ಪಾದ ಪಕ್ಕದವರ ಪಾದದ ಹತ್ತಿರ ಬರುತ್ತೆ. ನನ್ನ ಪಕ್ಕ ಒಬ್ಬರು ವಯಸ್ಸಾದ ಜರ್ಮನ್, ಪಾಪ, ಅವರೂ ಸಂಕೋಚದಿಂದ ಕಾಲು ಎಳೆದುಕೊಂಡೇ ಮಲಗಿದ್ದರು.

ನಿದ್ದೆಯ ವಿಚಾರದಲ್ಲಿ ನಾನು ಕಟ್ಟುನಿಟ್ಟು. ಊಟ ಮನೆಯಲ್ಲೇ, ಎಂಟು ಗಂಟೆಗೆ. ಒಂದು ಸಲ ಮುದ್ದೆ ಬಸ್ಸಾರು ಜಡಿದು ಹೋಗಿ ವಿಮಾನದಲ್ಲಿ ಹೊಟ್ಟೆ ಉಬ್ಬರಿಸಿತು. ಮೇಲೆ ಹೋದಾಗ ಗಾಳಿ ಹಿಗ್ಗುತ್ತಲ್ಲ. ಈಗ ಮೊಸರನ್ನ ಮಾತ್ರ. ಎರಡನೇ ಟರ್ಮಿನಲ್‌ನ ಲೌಂಜ್ ಚೆನ್ನಾಗಿದೆ, ಅಲ್ಲಿ ದೋಸೆ ಕೌಂಟರ್ ಎದುರು ನಿಲ್ಲಬೇಡಿ, ಹಲ್ಲುಜ್ಜಿ ಬಟ್ಟೆ ಬದಲಿಸಿ. ಹತ್ತಿದ ತಕ್ಷಣ ಹುಡುಗಿಗೆ ಹೇಳಿಬಿಡಬೇಕು: ಊಟ ಬೇಡ, ಎಬ್ಬಿಸಬೇಡಿ, ಇಳಿಯೋಕೆ ಒಂದು ಗಂಟೆ ಮುಂಚೆ ಕಾಫಿ. ಬೆಲ್ಟನ್ನು ಹೊದಿಕೆಯ ಮೇಲೆ ಹಾಕಿಕೊಳ್ಳಿ. ಒಳಗೆ ಹಾಕಿದರೆ ವಿಮಾನ ಕುಲುಕಿದಾಗ ಬೆಲ್ಟ್ ಇದೆಯಾ ಅಂತ ಬಂದು ಎಬ್ಬಿಸುತ್ತಾರೆ. ದೊಡ್ಡ ಹೆಡ್‌ಫೋನ್ ಮಗ್ಗುಲಾಗಿ ಮಲಗೋರಿಗೆ ಆಗಲ್ಲ. ನಮ್ಮ ಶೆಡ್‌ನಲ್ಲಿ ಹುಡುಗರಿಗೆ ಕೊಡೋ ಫೋಮ್ ಇಯರ್‌ಪ್ಲಗ್ ಇದೆಯಲ್ಲ, ಹತ್ತು ರೂಪಾಯಿದು, ಅದೇ ಸಾಕು.

ಬೆಳಗಿನ ಜಾವ ಮೂರೂವರೆಗೆ ಕಣ್ಣು ಮುಚ್ಚಿದವನು ನಮ್ಮ ಹತ್ತು ಗಂಟೆ ತನಕ ಮಲಗಿದೆ. ನಡುವೆ ಒಂದು ಸಲ ಎಚ್ಚರ ಆಗಿರಬಹುದು. ಎಕಾನಮಿಯಲ್ಲಿ ನನ್ನ ದಾಖಲೆ ಎರಡು ಗಂಟೆ.

ಇದರ ಜೊತೆ ಒಂದು ತರಲೆ ಪ್ರಯೋಗ. ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಮನೆಯಲ್ಲಿ ಬಿದ್ದಿತ್ತು, ಚೀಲಕ್ಕೆ ಹಾಕಿಕೊಂಡೆ. ವಿಮಾನದ ಒಳಗಿನ ಗಾಳಿಯ ಒತ್ತಡ 8000 ಅಡಿ ಎತ್ತರದಲ್ಲಿ ಇರುವಷ್ಟರವರೆಗೂ ಇಳಿಯಬಹುದು. ನಮ್ಮ ಮುಳ್ಳಯ್ಯನಗಿರಿ ತುದಿ 6300 ಅಡಿ ಚಿಲ್ಲರೆ, ಊಟಿಯ ದೊಡ್ಡಬೆಟ್ಟ 8600ರ ಮೇಲೆ. ಆ ಎರಡರ ನಡುವೆ ಎಲ್ಲೋ ಮಲಗಿರುತ್ತೀವಿ ಅಂತ ಲೆಕ್ಕ. ಮನೆಯಲ್ಲಿ 97-98 ತೋರಿಸೋ ಬೆರಳು ಅಲ್ಲಿ 93 ತೋರಿಸಿತು. ಒಂದು ಸಲ ಪುಕ್ಕಟೆ ವೈನ್ ಅಂತ ಎರಡು ಗ್ಲಾಸ್ ಕುಡಿದು ಮಲಗಿ, ಎಚ್ಚರ ಆದಾಗ ನೋಡಿದರೆ 89-90, ಎದೆ ಡವಡವ. ಅಲ್ಲಿಗೆ ವೈನ್ ನಿಂತಿತು. 787, ಎ350 ಅನ್ನೋ ಹೊಸ ವಿಮಾನಗಳಲ್ಲಿ ಒತ್ತಡ 6000 ಅಡಿಯ ಮಟ್ಟಕ್ಕೆ ಇರುತ್ತೆ. ಇನ್ನೊಂದು ಪ್ರಯಾಣದಲ್ಲಿ 787 ಸಿಕ್ಕಾಗ 95 ಬಂತು. ಒಂದು ಬೆರಳಿನ ಪ್ರಯೋಗ, ಜಾಸ್ತಿ ನಂಬಬೇಡಿ. ಆದರೆ ಮೂಗು ಒಣಗೋದು ಕಡಿಮೆ ಇತ್ತು, ಅದು ನಿಜ.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ಲೌಂಜ್‌ನಲ್ಲಿ ಸ್ನಾನ ಮಾಡಿ, ಏರ್‌ಪೋರ್ಟ್ ಕೆಳಗಿನ ಸ್ಟೇಷನ್‌ನಿಂದಲೇ ಹ್ಯಾನೋವರ್‌ಗೆ ವೇಗದ ಐಸಿಇ ರೈಲು ಹಿಡಿದೆ. ಎರಡೂವರೆ, ಮೂರು ಗಂಟೆ ದಾರಿ. ಮೇಳದ ದಿನಗಳಲ್ಲಿ ಕೆಲವು ರೈಲು ಹ್ಯಾನೋವರ್ ಮೆಸ್ಸೆ/ಲಾಟ್ಸನ್‌ನಲ್ಲೇ ನಿಲ್ಲುತ್ತೆ, ಅಲ್ಲಿಂದ ಮೈದಾನಕ್ಕೆ ನಡೆದೇ ಹೋಗಬಹುದು. ಮಧ್ಯಾಹ್ನ ಎರಡರ ಹೊತ್ತಿಗೆ ಹೈಡ್ರಾಲಿಕ್ ಚಕ್‌ನವರ ಸ್ಟಾಲ್‌ನಲ್ಲಿ ಚೌಕಾಸಿ ಮಾಡುತ್ತಿದ್ದೆ. ಹಿಂದಿನ ದಿನವೇ ಬಂದಿದ್ದ ನಮ್ಮ ಪೀಣ್ಯದ ಇಬ್ಬರು ಕಾಫಿ ಮೇಲೆ ಕಾಫಿ ಕುಡಿಯುತ್ತಾ ಆಕಳಿಸುತ್ತಿದ್ದರು. ಅವತ್ತು ಕುದುರಿದ ಡಿಸ್ಕೌಂಟ್ ಎಷ್ಟು ಅಂತ ಹೇಳಲ್ಲ, ನಾನು ವಾಪಸ್ ಬರೋಕೆ ತಗೊಂಡ ಎಕಾನಮಿ ಟಿಕೆಟ್ಟಿನ ನಲವತ್ತು ಸಾವಿರ ಅದರಲ್ಲೇ ಹೊರಟಿತು.

ಮುಂದಿನದು 2027ರಲ್ಲಿ ಮಿಲಾನ್. ಫ್ರಾಂಕ್‌ಫರ್ಟ್ ತನಕ ಇದೇ ರಾತ್ರಿ, ಇದೇ ಹಾಸಿಗೆ. ಅಲ್ಲಿಂದ ಮುಂದಿನ ಸಣ್ಣ ವಿಮಾನವನ್ನು ಅದೇ ಟಿಕೆಟ್‌ಗೆ ಸೇರಿಸಿದರೆ ಪಾಯಿಂಟ್ ಜಾಸ್ತಿ ಆಗುತ್ತಾ ಅಂತ ಈಗ ಹುಡುಕುತ್ತಿದ್ದೇನೆ. ಭಾವಮೈದುನ ಹೋದ ವಾರ ಫೋನ್ ಮಾಡಿ, ಅವನ ಕ್ಲೈಂಟ್ ಒಬ್ಬರಿಗೆ ಟೊರಾಂಟೋಗೆ ಹೋಗಬೇಕಂತೆ, ಈ ಏರೋಪ್ಲಾನ್ ಖಾತೆ ತೆರೆಯೋದು ಹೇಗೆ ಅಂತ ಕೇಳಿದ. ಕ್ಲೈಂಟ್ ಹೆಸರು ಕೇಳಿದರೆ ಹೇಳಲಿಲ್ಲ.