ಗಡ್ಡೆ ದೊಡ್ಡದಾಗಿತ್ತು, ಆದರೂ ಔಷಧಿ ನಿಲ್ಲಿಸಲಿಲ್ಲ

ಕೋಲಾರದಲ್ಲಿ ನಾನು ನೋಡುವ ಕ್ಯಾನ್ಸರ್ ರೋಗಿಗಳನ್ನು ಪೆಟ್-ಸಿಟಿ ಸ್ಕ್ಯಾನ್‌ಗೆ ಬೆಂಗಳೂರಿಗೆ ಕಳಿಸುತ್ತೇನೆ. ಅದಕ್ಕೆ ಚುಚ್ಚುವ ಎಫ್‌ಡಿಜಿ ವಿಕಿರಣ ಸೂಸುವ ವಸ್ತು, ಅದನ್ನು ಎಳೆದುಕೊಂಡ ಜಾಗ ಸ್ಕ್ಯಾನ್‌ನಲ್ಲಿ ಹೊಳೆಯುತ್ತದೆ. 110 ನಿಮಿಷಕ್ಕೆ ಅದರ ವಿಕಿರಣ ಅರ್ಧವಾಗುತ್ತದೆ, ಬಸ್ಸು ತಪ್ಪಿತು ಅಂದರೆ ಅದು ಕಾಯುವುದಿಲ್ಲ.

ಮುಳಬಾಗಿಲು ಕಡೆಯ ಟೊಮೆಟೊ ಬೆಳೆಗಾರರೊಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್. ಇಮ್ಯುನೊಥೆರಪಿಗೆ (ದೇಹದ ರೋಗನಿರೋಧಕ ಪಡೆಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಚಿಕಿತ್ಸೆ) ಮುಂಚಿನ ಸ್ಕ್ಯಾನ್‌ನಲ್ಲಿ ಎರಡೂ ಭುಜ ಹೊಳೆಯುತ್ತಿದ್ದವು. ಕಂಕುಳ ಗ್ರಂಥಿಗಳನ್ನು ಓದುವುದೇ ಕಷ್ಟವಾಯಿತು. ವಿಚಾರಿಸಿದರೆ, ಹಿಂದಿನ ಸಂಜೆ ಮಂಡಿಗೆ ಹೋಗುವ ಗಾಡಿಗೆ 15 ಕೆಜಿ ಬಾಕ್ಸ್‌ಗಳನ್ನು ತಾವೇ ಏರಿಸಿದ್ದರಂತೆ! ಎಫ್‌ಡಿಜಿ ಸಕ್ಕರೆಯ ತದ್ರೂಪು. ಸಕ್ಕರೆ ಎಳೆದುಕೊಳ್ಳುವ ಜೀವಕೋಶ ಗಡ್ಡೆಯದೋ ದಣಿದ ಸ್ನಾಯುವಿನದೋ, ಅದಕ್ಕೆ ಎರಡೂ ಒಂದೇ. ಆರು ಗಂಟೆ ಉಪವಾಸ ಅಂತ ಹೇಳಿದ್ದೆ, ಭಾರ ಎತ್ತಬೇಡಿ ಅನ್ನಲು ಮರೆತಿದ್ದೆ. ಈಗ ಚೀಟಿಯ ಮೇಲೆ ಅದನ್ನೇ ಮೊದಲು ಬರೆಯುತ್ತೇನೆ.

ಒಂಬತ್ತು ವಾರದ ಮೇಲೆ ಎರಡನೇ ಸ್ಕ್ಯಾನ್. ಗಡ್ಡೆ ದೊಡ್ಡದಾಗಿದೆ, ಹೊಳಪು ಹೆಚ್ಚಿದೆ, ಎದೆಯ ನಡುವೆ ಹೊಸದೊಂದು ಗ್ರಂಥಿ. ಮಗ ರಿಪೋರ್ಟ್ ಮಡಚಿ, "ಸಾರ್, ದುಡ್ಡೆಲ್ಲಾ ದಂಡ ಆಯ್ತಲ್ವಾ?" ಅಂದ.

ಈ ಔಷಧಿ ಟಿ-ಕೋಶಗಳಿಗೆ, ಅಂದರೆ ರೋಗನಿರೋಧಕ ಪಡೆಯ ಸೈನಿಕರಿಗೆ, ಹಾಕಿದ್ದ ಬ್ರೇಕ್ ತೆಗೆಯುತ್ತದೆ. ಅವು ಗಡ್ಡೆಯೊಳಕ್ಕೆ ನುಗ್ಗಿದಾಗ ಗಡ್ಡೆ ಊದಿಕೊಳ್ಳಬಹುದು. ಅವೂ ಸಕ್ಕರೆ ತಿನ್ನುತ್ತವೆ, ಹೊಳೆಯುತ್ತವೆ. ಅದಕ್ಕೇ ಇಮ್ಯುನೊಥೆರಪಿಯಲ್ಲಿ ಗಡ್ಡೆ ಬೆಳೆಯಿತೋ ಕುಗ್ಗಿತೋ ಅಳೆಯುವ 2017ರ ಐ-ರೆಸಿಸ್ಟ್ ನಿಯಮದಲ್ಲಿ ಇಂಥ ಮೊದಲ ಬೆಳವಣಿಗೆ 'ಖಚಿತವಾಗದ್ದು'. 4ರಿಂದ 8 ವಾರದಲ್ಲಿ ಮತ್ತೆ ನೋಡಬೇಕು. ಆದರೆ ಇದನ್ನು ಎಲ್ಲರಿಗೂ ಆಸೆಯಾಗಿ ಹಂಚಲಾರೆ. ಸುಳ್ಳು ಊತ ಅಪರೂಪ, ಬಹುಪಾಲು ಬೆಳೆದದ್ದು ನಿಜವಾಗಿಯೇ ಬೆಳೆದಿರುತ್ತದೆ. ತೂಕ ಇಳಿಯುತ್ತಾ ಉಸಿರು ಕಟ್ಟುತ್ತಿದ್ದರೆ ನಾನು ಕಾಯುವುದಿಲ್ಲ.

ಇವರ ಕೆಮ್ಮು ತಗ್ಗಿತ್ತು. "ಊಟ?" ಅಂದೆ. "ಎರಡು ಮುದ್ದೆ ಇಳೀತದೆ" ಅಂದರು. ಅವತ್ತು ನನ್ನ ಕೈಯಲ್ಲಿದ್ದ ಅತ್ಯುತ್ತಮ ರಿಪೋರ್ಟ್ ಅದೇ. ಔಷಧಿ ಮುಂದುವರಿಸಿ ಆರು ವಾರ ಕಾದೆವು. ಆ ಆರು ವಾರ ನನಗೂ ಸರಿಯಾಗಿ ನಿದ್ದೆಯಿಲ್ಲ. ಮೂರನೇ ಸ್ಕ್ಯಾನ್‌ನಲ್ಲಿ ಹೊಸ ಗ್ರಂಥಿ ಕಾಣಲಿಲ್ಲ, ಗಡ್ಡೆ ಮೊದಲಿಗಿಂತಲೂ ಚಿಕ್ಕದು.

ಎರಡನೇ ಸ್ಕ್ಯಾನ್‌ನಲ್ಲೇ ಇನ್ನೊಂದು ಸುದ್ದಿಯೂ ಇತ್ತು: ಕತ್ತಿನಲ್ಲಿ ಥೈರಾಯ್ಡ್ ಚಿಟ್ಟೆಯ ಹಾಗೆ ರೆಕ್ಕೆ ಬಿಚ್ಚಿ ಹೊಳೆಯುತ್ತಿತ್ತು. ಎಚ್ಚೆತ್ತ ರೋಗನಿರೋಧಕ ಪಡೆ ಅಲ್ಲಿಗೂ ಕೈ ಹಾಕಿತ್ತು. ಥೈರಾಯ್ಡ್ ಸೋತರೆ ರಕ್ತದಲ್ಲಿ ಏರುವ ಹಾರ್ಮೋನ್ ಟಿಎಸ್‌ಎಚ್ ಅನ್ನು ನೋಡುತ್ತಾ ಬಂದೆವು, ಕೆಲವು ವಾರಕ್ಕೆ ಏರಿಯೇಬಿಟ್ಟಿತು. ಹೀಗಾಗಿ ಗಡ್ಡೆಯಷ್ಟೇ ನೋಡಿ ಫಿಲ್ಮ್ ಕೆಳಗಿಡುವ ಅಭ್ಯಾಸ ಬಿಟ್ಟಿದ್ದೇನೆ. ಕರುಳು, ಶ್ವಾಸಕೋಶದ ಉರಿಯೂತವೂ ಕೆಲವೊಮ್ಮೆ ಲಕ್ಷಣಕ್ಕೆ ಮುಂಚೆ ಅಲ್ಲೇ ಕಾಣಿಸಿಕೊಳ್ಳುತ್ತದೆ.

ಈಗ ಬಂದಾಗಲೆಲ್ಲ ಅವರದು ಒಂದೇ ತಕರಾರು: ಥೈರಾಯ್ಡ್ ಮಾತ್ರೆ ನುಂಗಿ ಅರ್ಧ ಗಂಟೆ ಕಾಫಿಯಿಲ್ಲದೆ ಕೂರಬೇಕಲ್ಲ ಸಾರ್!