ಒಂದೇ ಬಂಡೆ ಹತ್ರ ಒಂದು ವರ್ಷ: ಯಾರನ್ನ ಯಾರು ನಂಬ್ಕೊಂಡಿದಾರೆ ಅಂತ ನಾನು ನೋಡಿದ್ದು

ಸಮುದ್ರದ ಜೀವಿಗಳ ಬಗ್ಗೆ ಎಲ್ಲೇ ಓದಿದ್ರೂ ಒಂದು ಬಾಣದ ಚಿತ್ರ ಇರುತ್ತೆ, ಪಾಚಿಯಿಂದ ಹುಳಕ್ಕೆ, ಹುಳದಿಂದ ಏಡಿಗೆ, ಏಡಿಯಿಂದ ಹಕ್ಕಿಗೆ. ನಾನೂ ಅದನ್ನೇ ನಂಬಿದ್ದೆ. ದಡದ ಒಂದೇ ಬಂಡೆಗೆ ವರ್ಷ ಪೂರ್ತಿ ಹೋಗಿ ಬಂದಮೇಲೆ ಆ ಬಾಣ ಹಾಕೋಕೆ ಕೈ ಬರ್ತಾ ಇಲ್ಲ.

ಮಾಡಿದ್ದು ಇಷ್ಟು. ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಇಳಿಯುತ್ತೆ, ಆಗ ಮಾತ್ರ ಹೋಗ್ತಿದ್ದೆ. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಟೈಡ್ ಟೇಬಲ್ ನೋಡದೆ ಹೋದ್ರೆ ಅಲೆ ನೋಡ್ಕೊಂಡು ವಾಪಸ್ ಬರ್ಬೇಕಷ್ಟೆ. ಪೈಪಲ್ಲಿ 50 ಸೆಂಟಿಮೀಟರ್ ಚೌಕ ಮಾಡಿ ಒಳಗೆ ದಾರ ಕಟ್ಟಿ 25 ಮನೆ ಮಾಡ್ಕೊಂಡೆ, ಅದನ್ನ ಪ್ರತಿ ಸಲ ಅದೇ ಜಾಗದಲ್ಲಿ ಇಟ್ಟು ಫೋಟೋ ತೆಗೆದು ಪ್ರತಿ ಮನೆಯಲ್ಲಿ ಯಾರಿದಾರೆ ಅಂತ ಬರ್ಕೊಳ್ತಿದ್ದೆ.

ಮೊದಲ ಎರಡು ತಿಂಗಳು ಹಗಲಲ್ಲಿ ಮಾತ್ರ ಹೋಗಿದ್ದು ದೊಡ್ಡ ತಪ್ಪು. ಹಗಲಲ್ಲಿ ಬಂಡೆ ಸತ್ತಂಗಿರುತ್ತೆ, ಟೋಪಿ ಆಕಾರದ ಚಿಪ್ಪಿರೋ ಲಿಂಪೆಟ್ ಅನ್ನೋ ಹುಳಗಳೆಲ್ಲ ಕಲ್ಲಿಗೆ ಕಚ್ಕೊಂಡು ಕೂತಿರ್ತವೆ. ರಾತ್ರಿ ಇಳಿತಕ್ಕೆ ಕೆಂಪು ಟಾರ್ಚ್ ಹಿಡ್ಕೊಂಡು ಹೋದಾಗ ಅವೇ ಲಿಂಪೆಟ್‌ಗಳು ಪಾಚಿ ಕೆರೀತಾ ಓಡಾಡ್ತಿದ್ವು, ಬೆಳಿಗ್ಗೆ ಹೊತ್ತಿಗೆ ಎಷ್ಟೋ ಲಿಂಪೆಟ್‌ಗಳು ತಮ್ಮ ತಮ್ಮ ಹಳೇ ಜಾಗಕ್ಕೇ ವಾಪಸ್. ಅವುಗಳ ಹಲ್ಲಲ್ಲಿ ಕಬ್ಬಿಣದ ಖನಿಜ ಇದೆ, ಅದಕ್ಕೇ ಕಲ್ಲು ಕೆರೆದ್ರೂ ತಡೆಯುತ್ತೆ.

ಬಿದ್ದಿರೋ ಖಾಲಿ ಚಿಪ್ಪುಗಳನ್ನೂ ನೋಡೋಕೆ ಶುರು ಮಾಡಿದೆ, ಯಾರ್ ಬೇಕಾದ್ರೂ ಇದರಿಂದ ಶುರು ಮಾಡಬಹುದು. ಚಿಪ್ಪಲ್ಲಿ ಗುಂಡಗೆ ನೀಟಾಗಿ ತೂತಿದ್ರೆ ಅದು ವೆಲ್ಕ್ ಅನ್ನೋ ಬೇಟೆಗಾರ ಶಂಖದಹುಳದ ಕೆಲಸ, ಅದು ಆಮ್ಲ ಬಿಟ್ಟು ಚಿಪ್ಪು ಮೆತ್ತಗೆ ಮಾಡಿ ನಾಲಿಗೆಯ ಹಲ್ಲಿಂದ ಕೊರೆಯುತ್ತೆ. ಅಂಚು ಮುರಿದಿದ್ರೆ ಸಾಮಾನ್ಯವಾಗಿ ಏಡಿ. ಈ ವ್ಯತ್ಯಾಸ ಸನ್ಯಾಸಿ ಏಡಿಗೆ ಬದುಕಿನ ಪ್ರಶ್ನೆ, ಯಾಕಂದ್ರೆ ಸತ್ತ ಶಂಖದಹುಳದ ಚಿಪ್ಪೇ ಅದರ ಮನೆ, ತೂತಿರೋ ಮನೆ ಅದಕ್ಕೆ ಬೇಡ. ಅಂದ್ರೆ ಹುಳ ಹೇಗೆ ಸತ್ತಿತು ಅನ್ನೋದರ ಮೇಲೆ ಇನ್ಯಾರಿಗೋ ಮನೆ ಸಿಗುತ್ತೋ ಇಲ್ವೋ ಅನ್ನೋದು ನಿಂತಿದೆ. ಬಾಣದ ಚಿತ್ರದಲ್ಲಿ ಇದು ಬರೋದೇ ಇಲ್ಲ ಯಾಕಂದ್ರೆ ಸನ್ಯಾಸಿ ಏಡಿ ಆ ಹುಳವನ್ನ ತಿನ್ನಲಿಲ್ಲ.

ಆಮೇಲೆ ಲಿಂಪೆಟ್ ಇಲ್ಲದಿದ್ರೆ ಏನಾಗುತ್ತೆ ಅಂತ ನೋಡೋಕೆ ಪರ್ಮಿಷನ್ ತಗೊಂಡು ಸಣ್ಣದೊಂದು ಪ್ರಯೋಗ ಮಾಡಿದೆ. ಈ ಯೋಚನೆ ಹಿಂದೆ ರಾಬರ್ಟ್ ಪೇನ್ ಅನ್ನೋ ಪರಿಸರ ವಿಜ್ಞಾನಿ ಇದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮುಕ್ಕಾ ಕೊಲ್ಲಿಯಲ್ಲಿ ಅವರು 1963ರಿಂದ ಬಂಡೆಯ ಒಂದು ಭಾಗದಲ್ಲಿ ನಕ್ಷತ್ರಮೀನುಗಳನ್ನ ಕಿತ್ತು ಕಿತ್ತು ಸಮುದ್ರಕ್ಕೆ ಎಸೀತಾ ಬಂದ್ರು, ತಿನ್ನೋರಿಲ್ಲದೆ ಮಸಲ್ ಅನ್ನೋ ಚಿಪ್ಪುಜೀವಿಗಳು ಜಾಗ ಆಕ್ರಮಿಸಿ 15 ಜಾತಿ ಇದ್ದಿದ್ದು 8ಕ್ಕೆ ಇಳೀತು. ಹೀಗೆ ತಾನು ಹೋದ್ರೆ ಉಳಿದೋರ ಬದುಕೇ ಬದಲಾಗೋ ಅಂಥ ಜೀವಿಗೆ ಕೀಸ್ಟೋನ್ ಅಂತ ಅವರು ಹೆಸರಿಟ್ಟಿದ್ದು 1969ರಲ್ಲಿ. ನಾನು ಏನನ್ನೂ ಎಸೀಲಿಲ್ಲ, ಸ್ಟೀಲ್ ಜಾಲರಿಯ ಚಿಕ್ಕ ಗೂಡು ಮಾಡಿ ಕಲ್ಲಿಗೆ ಸ್ಕ್ರೂ ಹಾಕಿ, ಒಳಗಿದ್ದ ಲಿಂಪೆಟ್‌ಗಳನ್ನ ಮಾತ್ರ ಹೊರಗಿಟ್ಟೆ.

ಮೊದಲ ಸಲ ಗೂಡು ಒಂದೇ ಇಟ್ಟಿದ್ದೆ, ಪಾಚಿ ಬಂತು, ಖುಷಿಯಾಯ್ತು. ಆಮೇಲೆ ತಲೆಗೆ ಬಂತು, ಜಾಲರಿಯ ನೆರಳಿಂದಾನೇ ಬಂದಿರಬಹುದಲ್ಲ? ಎಲ್ಲಾ ಕಿತ್ತು ಮತ್ತೆ ಶುರು: ಒಂದು ಪೂರ್ತಿ ಮುಚ್ಚಿದ ಗೂಡು, ಒಂದು ನೆರಳಿರೋ ಆದ್ರೆ ಎರಡು ಬದಿ ತೆರೆದ ಗೂಡು, ಒಂದು ಬರೀ ಕಲ್ಲು. ಯಾರಾದ್ರೂ ಮಾಡೋದಾದ್ರೆ ಆ ಅರ್ಧ ಗೂಡನ್ನ ದಯವಿಟ್ಟು ಬಿಡ್ಬೇಡಿ. ಅರ್ಧ ಗೂಡಿಗೆ ಲಿಂಪೆಟ್ ನುಗ್ಗಿ ಕಲ್ಲು ಬೋಳು ಮಾಡಿಟ್ಟಿತ್ತು, ಮುಚ್ಚಿದ್ದರಲ್ಲಿ ಕೆಲವೇ ವಾರಕ್ಕೆ ಹಸಿರು ಪೊರೆ, ಆಮೇಲೆ ಉಲ್ವಾ ಅನ್ನೋ ಎಲೆಪಾಚಿ, ಅದರ ಒದ್ದೆ ಮಡಿಕೆಗಳಲ್ಲಿ ಆಂಫಿಪಾಡ್ ಅನ್ನೋ ಸೀಗಡಿ ಥರದ ಸಣ್ಣ ಸಣ್ಣ ಜೀವಿಗಳು. ಹಾಗಾದ್ರೆ ನೆರಳು ಕಾರಣ ಅಲ್ಲ.

ನನ್ನ ನಿದ್ದೆ ಕೆಡಿಸಿದ್ದು ಬಾರ್ನಕಲ್, ಬಂಡೆಗೆ ಸಿಮೆಂಟ್ ಹಾಕ್ದಂಗೆ ಅಂಟಿರೋ ಬಿಳಿ ಚಿಪ್ಪಿನ ಜೀವಿ, ಏಡಿ ಸೀಗಡಿಗಳ ಸಂಬಂಧಿ. ಅದರ ಮರಿಗಳು ಕಲ್ಲಿಗೆ ಬಂದು ಕೂರೋ ಟೈಮಲ್ಲಿ ಬರೀ ಕಲ್ಲಿನ ಮೇಲೆ ಲಿಂಪೆಟ್ ಹೋದ ದಾರಿಯಲ್ಲೆಲ್ಲ ಮರಿಗಳು ಮಾಯ, ಬುಲ್ಡೋಜರ್ ಹೋದಂಗೆ. ಮುಚ್ಚಿದ ಗೂಡಲ್ಲಿ ಅವಕ್ಕೆ ಹಾಯಾಗಿರಬೇಕಿತ್ತು ಅಲ್ವಾ, ಮೊದಲ ವಾರ ಇತ್ತು ಕೂಡ, ಆಮೇಲೆ ಪಾಚಿ ಬೆಳೆದು ಮರಿಗಳ ಮೇಲೆ ಹೊದಿಕೆ ಹಾಕ್ದಂಗಾಗಿ ಅಲ್ಲೂ ಸತ್ವು. ಹೊರಗೆ ತುಳಿತದಿಂದ ಹೇಗೋ ಉಳಿದು ದಪ್ಪಗಾದವು ಮಾತ್ರ ಚೆನ್ನಾಗಿದ್ವು, ಯಾಕಂದ್ರೆ ಅವುಗಳ ಸುತ್ತ ಪಾಚಿ ಬರದಂಗೆ ನೋಡ್ಕೊಳ್ತಿದ್ದಿದ್ದು ಅದೇ ಲಿಂಪೆಟ್. ಮರಿಯಾಗಿದ್ದಾಗ ಯಮ, ಬೆಳೆದಮೇಲೆ ಕಾವಲುಗಾರ.

ಈಗ ನನ್ನ ನೋಟ್‌ಬುಕ್ಕಲ್ಲಿ ಬಾಣ ಇಲ್ಲ. ಪ್ರತಿ ಜೋಡಿ ಮುಂದೆ ಪ್ಲಸ್ಸೋ ಮೈನಸ್ಸೋ ಬರೆದು, ಪಕ್ಕದಲ್ಲಿ ತಿಂಗಳು, ಎರಡರ ಸೈಜು ಬರೀತೀನಿ. ಲಿಂಪೆಟ್ ಮತ್ತು ಬಾರ್ನಕಲ್ ಸಾಲಲ್ಲಿ ಎರಡೂ ಗುರುತಿದೆ. ಗೂಡುಗಳನ್ನ ತೆಗೆದಾಯ್ತು, ಸ್ಕ್ರೂ ತೂತು ಮಾತ್ರ ಉಳಿದಿವೆ, ಹೋದ ಹುಣ್ಣಿಮೆಗೆ ನೋಡಿದಾಗ ಒಂದರೊಳಗೆ ಪುಟ್ಟ ಶಂಖದಹುಳ ಕೂತಿತ್ತು.