ತೊಗರಿ ಗಾಡಿಯ ಹಿಂದೆ ಹೋಗಿ ಪ್ಲಾನ್ ಒಡೆದೆವು

ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್‌ಗೆ ನಾವು ಮೂವರು ಸೇರಿ ಸಾಫ್ಟ್‌ವೇರ್ ಮಾಡಿಕೊಟ್ಟೆವು. ತೊಗರಿ ಗೇಟಿಗೆ ಬಂದಾಗಿನಿಂದ ಬೇಳೆಯಾಗಿ ಲಾರಿ ಹತ್ತುವವರೆಗಿನ ಲೆಕ್ಕ ಅದು. ನಮ್ಮ ಕಡೆ ಡಿಸೆಂಬರ್‌ನಿಂದ ಹೊಸ ತೊಗರಿ ಬರೋಕೆ ಶುರುವಾಗುತ್ತೆ. ಅಷ್ಟರೊಳಗೆ ಮುಗಿಯಬೇಕು ಅಂತ ಮಾತಾಗಿತ್ತು. ಕೈಯಲ್ಲಿ ಐದು ತಿಂಗಳಿತ್ತು.

ನಾನು ಮೊದಲು ಬರೆದ ಪ್ಲಾನಿನಲ್ಲಿ ಒಂಬತ್ತೇ ಸಾಲು. ‘ಖರೀದಿ ಮಾಡ್ಯೂಲ್ – 20 ದಿನ’, ‘ಸ್ಟಾಕ್ – 25 ದಿನ’, ‘ರಿಪೋರ್ಟ್ – 15 ದಿನ’, ಹೀಗೆ. ಆರು ವಾರ ಕಳೆಯಿತು. ಡೇಟಾಬೇಸ್ ಪೂರ್ತಿ ಸಿದ್ಧ, ಪರದೆಗಳು ಅರ್ಧಂಬರ್ಧ. ಎಲ್ಲ ಸಾಲಿನ ಮುಂದೆಯೂ ‘ಬಹುತೇಕ ಮುಗಿದಿದೆ’ ಅಂತ ಬರೆಯುತ್ತಿದ್ದೆವು. ಮಿಲ್‌ಗೆ ತೋರಿಸೋಕೆ ಹೋದಾಗ ಅಲ್ಲಿ ಲೆಕ್ಕ ಬರೆಯುವ ಮುನೀಮರು ತಾಳ್ಮೆಯಿಂದ ಎಲ್ಲವನ್ನೂ ನೋಡಿ ಒಂದೇ ಮಾತು ಕೇಳಿದರು: “ಇದ್ರಾಗ ನಮ್ಮ ಗಾಡಿ ಎಲ್ಲದ ತಮ್ಮಾ?”

ಗಾಡಿ ಎಲ್ಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೇ ಹೋಗಿ ಗೇಟಿನಲ್ಲಿ ನಿಂತೆ. ಸೀಸನ್ ಅಲ್ಲದಿದ್ದರೂ ಹಳೇ ಸ್ಟಾಕಿನ ತೊಗರಿ ಬರುತ್ತಿತ್ತು. ಜೇವರ್ಗಿ ಕಡೆಯಿಂದ ಬಂದ ಒಂದು ಗಾಡಿಯ ಹಿಂದೆಯೇ ಹೋದೆ. ತುಂಬಿದ ಗಾಡಿಯ ತೂಕ ಆಯಿತು. ಸ್ಯಾಂಪಲ್ ತೆಗೆದು ತೇವ ನೋಡಿದರು. ಹಮಾಲರು ಚೀಲ ಇಳಿಸಿದರು. ಖಾಲಿ ಗಾಡಿಯ ತೂಕ, ಆಮೇಲೆ ಚೀಟಿ. ಒಳಗೆ ಬೇರೆ ತೊಗರಿಗೆ ಎಣ್ಣೆ ಸವರಿ ಬಿಸಿಲಿಗೆ ಹಾಕಿದ್ದರು. ಇನ್ನೊಂದು ಕಡೆ ಒಡೆದು ಬೇಳೆ, ನುಚ್ಚು, ಚುನ್ನಿ, ಹೊಟ್ಟು ಅಂತ ಬೇರೆ ಬೇರೆ ತೂಗುತ್ತಿದ್ದರು. ಒಂದೊಂದು ಹೆಜ್ಜೆಯನ್ನೂ ಒಂದೊಂದು ಕಾಗದದ ಮೇಲೆ ಬರೆದುಕೊಂಡೆ. ಸಂಜೆಗೆ 31 ಕಾಗದ ಆಗಿದ್ದವು. ನಮ್ಮ ನಿಜವಾದ ಪ್ಲಾನ್ ಅವೇ.

ಮೊದಲು ನಾವು ಕೆಲಸವನ್ನು ಅಡ್ಡಕ್ಕೆ ಕತ್ತರಿಸಿದ್ದೆವು: ಡೇಟಾಬೇಸ್ ಒಬ್ಬರಿಗೆ, ಪರದೆ ಒಬ್ಬರಿಗೆ, ರಿಪೋರ್ಟ್ ಒಬ್ಬರಿಗೆ. ಈಗ ಉದ್ದಕ್ಕೆ ಕತ್ತರಿಸಿದೆವು. ಮೊದಲ ತುಂಡು ಇಷ್ಟೇ: ಒಂದು ಗಾಡಿ ಬರುತ್ತೆ, ಎರಡು ತೂಕ ಆಗುತ್ತೆ, ಒಂದು ಚೀಟಿ ಹೊರಬರುತ್ತೆ. ಲಾಗಿನ್ ಬೇಡ, ತೇವ ಬೇಡ, ತೂಕವನ್ನು ಕೈಯಿಂದಲೇ ಟೈಪ್ ಮಾಡೋದು. ನಾಲ್ಕೇ ದಿನದಲ್ಲಿ ಅದನ್ನು ಗೇಟಿನ ಕಂಪ್ಯೂಟರ್‌ನಲ್ಲಿ ಕೂರಿಸಿದೆವು. ಅವತ್ತೇ ಮುನೀಮರು ಹೇಳಿದರು, “ಖಾಲಿ ಗಾಡಿ ಒಮ್ಮೊಮ್ಮೆ ಮರುದಿನ ಮುಂಜಾನಿ ತೂಕಕ್ಕ ಬರ್ತದರಿ.” ಎರಡು ತೂಕವೂ ಒಟ್ಟಿಗೇ ಆಗುತ್ತೆ ಅಂದುಕೊಂಡು ಬರೆದಿದ್ದೆವು. ಅರ್ಧ ಆದ ಎಂಟ್ರಿಯನ್ನು ರಾತ್ರಿಯಿಡೀ ಇಟ್ಟುಕೊಳ್ಳೋಕೆ ಜಾಗವೇ ಇರಲಿಲ್ಲ. ನಾಲ್ಕನೇ ದಿನ ಗೊತ್ತಾಗಿದ್ದಕ್ಕೆ ಒಂದು ದಿನದಲ್ಲಿ ಸರಿಹೋಯಿತು. ಜನವರಿಯಲ್ಲಿ ಗೊತ್ತಾಗಿದ್ದರೆ ಮಿಲ್ ಮುಂದೆ ಗಾಡಿಗಳ ಸಾಲು ನಿಲ್ಲುತ್ತಿತ್ತು.

ತುಂಡು ಎಷ್ಟು ಸಣ್ಣದಿರಬೇಕು? ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಒಂದು ಹಳೇ ರೂಢಿ ಇದೆ: 8 ಗಂಟೆಗಿಂತ ಕಡಿಮೆ ಬೇಡ, 80 ಗಂಟೆಗಿಂತ ಜಾಸ್ತಿ ಬೇಡ. ನನ್ನ ಪ್ರಕಾರ ಮೂರು ಜನರ ತಂಡಕ್ಕೆ 80 ಗಂಟೆ ತುಂಬಾ ದೊಡ್ಡದು. ಎರಡು ವಾರ ಒಬ್ಬರು ದಾರಿ ತಪ್ಪಿದರೂ ಉಳಿದವರಿಗೆ ಗೊತ್ತಾಗಲ್ಲ. ನಾವು ಎರಡು ದಿನಕ್ಕೆ ಗೆರೆ ಎಳೆದೆವು. ಜೊತೆಗೆ ಪ್ರತಿ ಕಾಗದದ ಕೆಳಗೆ ‘ಮುಗಿದಾಗ ಏನು ಕಾಣಬೇಕು’ ಅಂತ ಒಂದು ಸಾಲು ಬರೆಯಲೇಬೇಕು. ಆ ಸಾಲು ಬರೆಯೋಕೆ ಆಗಲಿಲ್ಲ ಅಂದ್ರೆ ಆ ಕೆಲಸ ನಮಗೆ ಇನ್ನೂ ಅರ್ಥವಾಗಿಲ್ಲ.

ಇದು ಚೆನ್ನಾಗಿ ಗೊತ್ತಾಗಿದ್ದು ಪ್ರಿಂಟರ್‌ನಲ್ಲಿ. ‘ಚೀಟಿ ಕನ್ನಡದಲ್ಲಿ ಪ್ರಿಂಟ್ ಆಗಬೇಕು – 1 ದಿನ’ ಅಂತ ಬರೆದಿದ್ದೆ. ತಂಡದ ಹುಡುಗಿ ಕೇಳಿದಳು, “ಅಣ್ಣಾ, ಇದನ್ನು ಒಡೆಯೋದು ಹೇಗೆ?” ನನಗೂ ತೋಚಲಿಲ್ಲ. ಹಾಗಾಗಿ ಮೊದಲು ಅರ್ಧ ದಿನದ ಒಂದು ಪರೀಕ್ಷೆ ಇಟ್ಟೆವು: ಬರೀ ‘ಶ್ರೀ’ ಅಂತ ಒಂದು ಅಕ್ಷರ ಪ್ರಿಂಟ್ ಮಾಡೋದು. ಬಂದದ್ದು ಪ್ರಶ್ನಾರ್ಥಕ ಚಿಹ್ನೆಗಳು. ಆ ಥರ್ಮಲ್ ಪ್ರಿಂಟರ್ ಒಳಗೆ ಕನ್ನಡ ಅಕ್ಷರಗಳೇ ಇಲ್ಲ, ಒತ್ತಕ್ಷರ ಜೋಡಿಸೋದಂತೂ ದೂರದ ಮಾತು. ಇಡೀ ಚೀಟಿಯನ್ನು ಚಿತ್ರವಾಗಿ ಮಾಡಿ ಕಳಿಸಬೇಕು. 80 ಮಿ.ಮೀ. ಕಾಗದದಲ್ಲಿ ಅಡ್ಡಕ್ಕೆ 576 ಚುಕ್ಕೆ, ಅಷ್ಟರಲ್ಲೇ ಹೆಸರು, ತೂಕ, ದರ ಎಲ್ಲಾ ಕೂರಬೇಕು. ಒಂದು ದಿನದ ಕೆಲಸ ಐದು ತುಂಡಾಯಿತು, ಆರು ದಿನ ತಗೊಂಡಿತು. ಆಮೇಲೆ ಯಾವುದೇ ಕೆಲಸ ಒಡೆಯೋಕೆ ಬರಲಿಲ್ಲ ಅಂದ್ರೆ, ಮೊದಲು ತಿಳಿದುಕೊಳ್ಳೋಕೆ ಅಂತಲೇ ಅರ್ಧ ದಿನದ ಕಾಗದ ಒಂದನ್ನು ಇಡುತ್ತಿದ್ದೆವು.

ಕೋಡ್ ಅಲ್ಲದ ಕೆಲಸಗಳೂ ಕಾಗದಕ್ಕೆ ಬರಬೇಕು. ಪಾರ್ಟಿಗಳ, ಅಂದ್ರೆ ಮಿಲ್ ಜೊತೆ ವ್ಯವಹಾರ ಮಾಡುವವರ ಹೆಸರೆಲ್ಲ ಹಳೇ ನುಡಿ ಫಾಂಟಿನಲ್ಲಿ ಎಕ್ಸೆಲ್‌ನಲ್ಲಿದ್ದವು. ಅದನ್ನು ಈಗಿನ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್‌ಗೆ ತಿರುಗಿಸಿ, ಒಂದೇ ಹೆಸರು ಮೂರು ರೀತಿ ಬರೆದಿದ್ದನ್ನು ಒಂದು ಮಾಡೋಕೆ ನಾಲ್ಕು ದಿನ ಹಿಡಿಯಿತು. ಮೊದಲ ಪ್ಲಾನಿನಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ.

ಕೆಲವು ಕಾಗದ ಬಿಟ್ಟೂ ಬಿಟ್ಟೆವು. ಮಾಲೀಕರು ಕೇಳಿದ ಗ್ರಾಫ್‌ಗಳು ಸೀಸನ್ ಮುಗಿದ ಮೇಲೆ ಅಂತ ಪಕ್ಕಕ್ಕಿಟ್ಟೆವು. ಕಣ್ಣೆದುರಿಗೆ ಕಾಗದ ಇದ್ದಿದ್ದರಿಂದ ಅವರೂ ಒಪ್ಪಿದರು. ಡಿಸೆಂಬರ್ ಹೊತ್ತಿಗೆ ಗೇಟಿನಿಂದ ಗೋದಾಮಿನವರೆಗಿನ ಲೆಕ್ಕ ಪೂರ್ತಿ ನಡೆಯುತ್ತಿತ್ತು.

ಜನವರಿಯಲ್ಲಿ ಒಂದು ದಿನ ಮುನೀಮರು ಹಳೇ ಕ್ಯಾಲೆಂಡರ್ ಹಾಳೆ ಹರಿದು, ಹಿಂದೆ ತಾವೇ ಬರೆದು ಕೈಗಿಟ್ಟರು: ‘ಒಂದು ಗಾಡಿ, ಎರಡು ಪಾರ್ಟಿ ಮಾಲು.’ ಕೆಳಗೆ ಇನ್ನೊಂದು ಸಾಲು: ‘ಎರಡು ಚೀಟಿ ಬರಬೇಕು.’ ಅದನ್ನು ಮೂರು ತುಂಡು ಮಾಡಿದೆವು. ಆ ಹಾಳೆಯನ್ನು ಗೋಡೆಗೆ ಅಂಟಿಸಿ, ಮೊದಲ ತುಂಡು ನಾನೇ ತಗೊಂಡೆ.